ಮಂತ್ರಿಯಾದ ಬದನೆಕಾಯಿ

ಪ್ರಕಾಶಕರು ಎದುರಾಳಿಯ ಪುಸ್ತಕದ ಕಟ್ಟು ಬಿಚ್ಚಿ ಮೇಜಿನ ಮೇಲೆ ತಳ್ಳಿದರು.

"ಹುಡುಕಿ ಮೇಡಂ. ಇವತ್ತು ಕಳ್ಳ ಸಿಗಲೇಬೇಕು. ಸಿಕ್ಕವರು ಇವತ್ತೇ ಮನೆಗೆ."

ಸಂಪಾದಕಿ ಪುಸ್ತಕವನ್ನು ಹತ್ತಿರ ಎಳೆದುಕೊಂಡಳು. ಮೂರು ವರ್ಷದಿಂದ ಇದೇ ಪಾಡು. ಪ್ರಾಣಿ, ಅಡುಗೆ, ಚರಿತ್ರೆಯ ಸೋಜಿಗಗಳನ್ನು ವರ್ಷವಿಡೀ ಹೆಕ್ಕಿ ಅವಳು ಮಕ್ಕಳಿಗೊಂದು ಪುಸ್ತಕ ಮಾಡುವುದು; ಅದು ಅಚ್ಚಿಗೆ ಹೋಗುವ ಮೊದಲೇ ಅವೇ ಸೋಜಿಗಗಳು ಎದುರು ಬೀದಿಯ ಪ್ರಕಾಶನದಿಂದ ಹೊರಬೀಳುವುದು.

ಈ ಸಲ ಬಲೆ ಹಾಕಿದ್ದರು. ಕಚೇರಿಯ ಮೂವರಿಗೆ ಮೂರು ಹಸಿ ಸುಳ್ಳು, ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ. ಅಕ್ಷರ ಜೋಡಿಸುವವನಿಗೆ: ಒಂಟೆ ಎಡಕ್ಕೆ ತಿರುಗಿಯೇ ಆಕಳಿಸುತ್ತದೆ. ಚಿತ್ರಕಾರನಿಗೆ: ಮೊಸರು ತಿಂದ ಮೊಸಳೆ ಏಳು ದಿನ ಅಳುವುದಿಲ್ಲ. ಕರಡು ತಿದ್ದುವ ಅಕ್ಕನಿಗೆ: ಹಿಂದೊಂದು ರಾಜ್ಯದಲ್ಲಿ ಬದನೆಕಾಯಿ ಹನ್ನೊಂದು ತಿಂಗಳು ಮಂತ್ರಿಯಾಗಿತ್ತು, ರಾಜೀನಾಮೆ ಕೊಡಲಿಲ್ಲ, ಬಾಡಿತು. ಯಾವ ಸುಳ್ಳು ಅಲ್ಲಿ ಅಚ್ಚಾಗಿರುತ್ತದೋ, ಅದನ್ನು ಕೇಳಿದವರೇ ಕಳ್ಳರು.

"ಮನೇಲೂ ಬಾಯಿ ಬಿಡಬೇಡಿ" ಎಂದಿದ್ದರು ಪ್ರಕಾಶಕರು.

ಅವಳಿಗೆ ನಗು ಬಂದಿತ್ತು. ಮನೆಯಲ್ಲಿ ಕೇಳುವವರಾದರೂ ಯಾರು? ದಿನಾ ತಿಂಡಿಯ ಹೊತ್ತಿಗೆ, ಹಿಂದಿನ ದಿನ ಸಿಕ್ಕ ಸೋಜಿಗಗಳನ್ನೆಲ್ಲ ಗಂಡನ ಮುಂದೆ ಹರವುತ್ತಿದ್ದಳು. ಅವನ ಮುಖ ಪತ್ರಿಕೆಯ ಹಿಂದೆ, ಪೆನ್ಸಿಲು ಪದಬಂಧದ ಮೇಲೆ, ಬಾಯಲ್ಲಿ ಒಂದು "ಹೂಂ". ಆಮೇಲೆ ಅದೇ ಪತ್ರಿಕೆಯನ್ನು ಕಪಾಟಿಗೆ ಹಾಸುವಾಗ ನೋಡಿದರೆ ಪದಬಂಧದ ಚೌಕಗಳೆಲ್ಲ ಖಾಲಿ. ಪಾಪ, ಒಂದೂ ಹೊಳೆಯುವುದಿಲ್ಲ ಎಂದುಕೊಳ್ಳುತ್ತಿದ್ದಳು.

ಆದರೂ ಮಾತಿಗೆ ತಪ್ಪದೆ ಆ ಮೂರು ಸುಳ್ಳನ್ನು ನುಂಗಿಕೊಂಡಿದ್ದಳು. ಒಂದು ದಿನ ಮಾತ್ರ ರೇಗಿ, ಬಾಯಿಗೆ ಬಂದ ಬೇರೊಂದು ಸುಳ್ಳನ್ನು ಹೇಳಿಬಿಟ್ಟಿದ್ದಳು.

"ಕೇಳಿಲ್ಲಿ. ಗಂಡು ಗೂಬೆ ಇದೆಯಲ್ಲ, ಹೆಂಡತಿ ಮಾತು ಕೇಳಬಾರದು ಅಂತ ಕಿವಿಗೆ ಪಾಚಿ ತುರುಕಿಕೊಳ್ಳುತ್ತಂತೆ. ಮೊದಲು ಎಡಗಿವಿಗೆ."

"ಹೂಂ. ಉಪ್ಪು ಕೊಡು."

ಅವಳು ಪುಟ ತಿರುಗಿಸಿದಳು. ಗಾಜಿನ ಬಾಗಿಲಾಚೆ ಕಾಯುತ್ತ ಕೂತ ಮೂವರಲ್ಲಿ ಕರಡಿನ ಅಕ್ಕ ಕನ್ನಡಕ ಒರೆಸುತ್ತಿದ್ದರು. ಇಪ್ಪತ್ತು ವರ್ಷ ತನ್ನ ಜೊತೆ ಒಂದೇ ಡಬ್ಬಿಯಲ್ಲಿ ಹಂಚಿಕೊಂಡು ಉಂಡವರು. ಇಲ್ಲಿಂದ ಕಳಿಸಿದರೆ ಆ ಕಣ್ಣಿಗೆ ಇನ್ನೆಲ್ಲಿ ಕೆಲಸ? ದೇವರೇ, ಬದನೆಕಾಯಿ ಒಂದು ಇಲ್ಲದಿರಲಿ.

ಒಂಟೆ ಇತ್ತು, ನೀರು ಕುಡಿಯುತ್ತಿತ್ತು, ಆಕಳಿಸುತ್ತಿರಲಿಲ್ಲ. ಮೊಸಳೆ ಇತ್ತು, ಮೊಸರಿರಲಿಲ್ಲ. ಬದನೆಕಾಯಿ ಅಡುಗೆಯ ಅಧ್ಯಾಯದಲ್ಲೇ ಉಳಿದಿತ್ತು, ರಾಜಕೀಯಕ್ಕೆ ಇಳಿದಿರಲಿಲ್ಲ.

ಅವಳು ಉಸಿರು ಬಿಟ್ಟಳು. "ಮೂರೂ ಇಲ್ಲ ಸಾರ್."

"ಇಲ್ಲ ಅಂದ್ರೆ? ನಿಜವಾದದ್ದೆಲ್ಲ ಸಾಲಾಗಿ ಕೂತಿದೆ, ನಾವು ಹೆಣೆದ ಸುಳ್ಳು ಮಾತ್ರ ಇಲ್ಲ! ಕೊನೇ ಪುಟಾನೂ ನೋಡಿ."

ನೋಡಿದಳು. ಇನ್ನೊಮ್ಮೆ ಓದಿದಳು. ಪುಸ್ತಕ ಮುಚ್ಚಿದಳು.

ಮೊದಲು ಬಂದದ್ದು ಕೋಪ, ಕಿವಿಯವರೆಗೂ. ಅದರ ಬೆನ್ನಿಗೇ, ನಾಚಿಕೆ ಬಿಟ್ಟು, ಒಂದು ಸಣ್ಣ ಸಂತೋಷ.

"ಹೊರಗಿರೋರನ್ನ ಕೆಲಸಕ್ಕೆ ಕಳಿಸಿಬಿಡಿ ಸಾರ್. ಅವರದು ತಪ್ಪಿಲ್ಲ. ಮನೆಗೆ ಹೋಗಬೇಕಾದವಳು ನಾನು."

"ನೀವಾ? ಏನಮ್ಮ ಹಾಗಂದ್ರೆ?"

ಅವಳು ಚೀಲ ಹೆಗಲಿಗೇರಿಸಿದಳು. ಪ್ರಕಾಶಕರು ಕೊನೆಯ ಪುಟ ತೆರೆದು ಎಷ್ಟು ತಡಕಾಡಿದರೂ ಅವರಿಗೆ ಕಂಡದ್ದು ಇಷ್ಟೇ: ಚೌಕಟ್ಟಿನೊಳಗೆ ಒಂದು ಗಂಡು ಗೂಬೆ, ಹೆಂಡತಿಯ ಮಾತು ಕೇಳಬಾರದೆಂದು ಕಿವಿಗೆ ಪಾಚಿ ತುರುಕಿಕೊಳ್ಳುತ್ತಿತ್ತು; ಮೊದಲು ಎಡಗಿವಿಗೆ.