ಮೋರಿಯಿಲ್ಲದ ಕೋಣೆ

ಸೂಗಮ್ಮ ಎರಡನೆಯ ಬಕೆಟ್ಟನ್ನೂ ನೆಲಕ್ಕೆ ಸುರುವಿದಳು. ಸೀರೆ ಎತ್ತಿ ಕಟ್ಟಿ, ಈಚಲ ಕಸಬರಿಗೆಯಿಂದ ನೀರನ್ನು ಬಾಗಿಲ ಮೂಲೆಗೆ ತಳ್ಳುತ್ತ ಹೋದವಳು ಅಲ್ಲೇ ನಿಂತಳು. ಬಗ್ಗಿ ನೋಡಿದಳು. ಇನ್ನೊಂದು ಮೂಲೆಗೆ ಓಡಿದಳು.

“ಕಮರೂ, ಈ ಮನಿಗಿ ಮೋರಿನೇ ಇಟ್ಟಿಲ್ಲಲ್ಲ! ನೀರು ಎಲ್ಲಿಂದ ಹೊರಗ ಹೋಗ್ಬೇಕು?”

ಕಮರುನ್ನೀಸಾ ಕಿಟಕಿಯಿಂದ ಕಣ್ಣು ಕೀಳಲಿಲ್ಲ. “ಇದು ಪ್ರಾಗ್ ಅದ ಯವ್ವಾ, ಶಹಾಬಾದ ಅಲ್ಲ. ವಿಮಾನದಾಗ ಕಸಬರಗಿ ಇಟ್ಕೊಂಡು ಬಂದಾಕಿ ಇಡೀ ದುನಿಯಾದಾಗ ನೀ ಒಬ್ಬಾಕೀನೇ. ಅದು ಒಗದು ಇಲ್ಲಿ ಬಾ ಜಲ್ದಿ! ಮತ್ತೊಂದು ಟ್ರಾಮ್ ಬಂತು, ಜೋಡು ಡಬ್ಬಿದು!”

ಗುಲಬರ್ಗಾದ ಕಾಲೇಜಿನಿಂದ ಒಂದು ಸೆಮಿಸ್ಟರ್ ಓದಲೆಂದು ಇಬ್ಬರೂ ಬಂದಿಳಿದದ್ದು ಹಿಂದಿನ ಸಂಜೆ. ಹಾಸ್ಟೆಲ್ಲಿನ ಮೂರನೆಯ ಮಹಡಿಯಲ್ಲಿ ಕೋಣೆ ಸಿಕ್ಕಿತ್ತು: ಎರಡು ಮಂಚ, ಒಂದು ಮೇಜು, ಗೋಡೆಯಷ್ಟು ಅಗಲದ ಒಂದು ಕಿಟಕಿ. ಕಿಟಕಿಯ ತುಂಬ ನದಿ, ಸೇತುವೆ, ಸೇತುವೆಯ ಮೇಲೆ ಗಂಟೆ ಬಾರಿಸುತ್ತ ಹೋಗುವ ಟ್ರಾಮು. ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ನೋಡುತ್ತ ಬೆಳೆದ ಕಮರುನ್ನೀಸಾ ರಾತ್ರಿ ಆ ಕಿಟಕಿಯಲ್ಲೇ ನಿಂತು ಬ್ರೆಡ್ಡು ತಿಂದಿದ್ದಳು. ಸೂಗಮ್ಮನೂ ಅಷ್ಟೆ. ಬೆಳಗ್ಗೆ ಮೈ ತೊಳೆದುಕೊಂಡ ಮೇಲೆ ಅವಳಿಗೆ ಲಿಂಗಪೂಜೆಯ ನೆನಪಾಯಿತು. ತೊಳೆಯದ ನೆಲದ ಮೇಲೆ ಅವಳು ಹುಟ್ಟಿದಾಗಿನಿಂದ ಪೂಜೆಗೆ ಕೂತವಳಲ್ಲ. ಶಹಾಬಾದಿನ ಮನೆಯಲ್ಲಿ ನೆಲವೂ ಫರಸಿಕಲ್ಲು, ಮಾಳಿಗೆಯೂ ಫರಸಿಕಲ್ಲು. ನೀರು ಸುರುವಿ ಬಳಿದರೆ ಮೋರಿಯಿಂದ ಓಣಿಗೆ ಹೋಯಿತು, ಮುಗಿಯಿತು. ಇಲ್ಲಿಯದು ಕಟ್ಟಿಗೆಯ ನೆಲ ಎಂಬುದು ಅವಳ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ನೋಡುತ್ತಿದ್ದಂತೆ ಹಲಗೆಗಳ ಸಂದಿಯಲ್ಲಿ ನೀರು ಇಂಗತೊಡಗಿತು. ಸೂಗಮ್ಮ ಹಿಗ್ಗಿದಳು. “ನೋಡಲ್ಲಿ, ಇವರ ನೆಲ ತಾನೇ ನೀರು ಕುಡೀತದ. ಭಾಳ ಶಾಣ್ಯಾ ಮಂದಿ!”

ಕುಡಿದ ನೀರು ಎಲ್ಲಿಗೆ ಹೋಯಿತೆಂಬುದು ಬಾಗಿಲು ತೆರೆದಾಗ ತಿಳಿಯಿತು. ಹಾಸ್ಟೆಲ್ಲಿನ ಮೇಲ್ವಿಚಾರಕಿ ನಿಂತಿದ್ದಳು. ಆಕೆಯ ಕೋಣೆ ನೇರ ಕೆಳಗೆ. ಕಟ್ಟಡದ ಒಳಗೇ ಕೊಡೆ ಬಿಚ್ಚಿ ಹಿಡಿದಿದ್ದಳು, ಅದರಿಂದ ಹನಿ ತೊಟ್ಟಿಕ್ಕುತ್ತಿತ್ತು.

“ನಲ್ಲಿ ಒಡೆಯಿತೇ?” ಹರಕು ಇಂಗ್ಲಿಷಿನಲ್ಲಿ ಕೇಳಿದಳು.

“ಇಲ್ಲ, ನೆಲ ತೊಳೆದೆ.”

“ನೀರು ಸುರಿದು?”

“ಸುರಿಯದೆ ತೊಳೆಯುವುದು ಹೇಗೆ?” ಸೂಗಮ್ಮ ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದಳು, ಮೇಲ್ವಿಚಾರಕಿಗೆ ಉದ್ಧಟತನವಾಗಿ ಕೇಳಿಸಿತು.

ಆ ದೇಶದಲ್ಲಿ ಹೆಂಗಸರನ್ನು ಗೌರವದಿಂದ ‘ಪಾನಿ’ ಎಂದು ಕರೆಯುತ್ತಾರೆ. ಈಕೆ ಪಾನಿ ಹೊರಾಕೋವಾ. ಕಮರುನ್ನೀಸಾ ಹಿಂದಿನಿಂದ ಪಿಸುಗುಟ್ಟಿದಳು: “ಹೆಸರಿನಾಗೇ ಪಾನಿ ಇಟ್ಕೊಂಡಾಳ, ತಲಿ ಮ್ಯಾಲ ನಾಕು ಹನಿ ಬಿದ್ರ ಇಷ್ಟ್ಯಾಕ ಸಿಟ್ಟು?”

ಸೂಗಮ್ಮ ತುಟಿ ಕಚ್ಚಿ ನಗು ತಡೆದಳು. ಇದು ಪೂಜೆಗಾಗಿ, ದಿನವೂ ತೊಳೆಯಬೇಕು ಎಂದು ತಿಳಿಸಿ ಹೇಳಿದಳು.

“ದಿನವೂ?” ಪಾನಿ ಹೊರಾಕೋವಾ ಕೊಡೆ ಮಡಚಿದಳು. “ಬನ್ನಿ ಇಬ್ಬರೂ.”

ಕರೆದೊಯ್ದದ್ದು ನೆಲಮಾಳಿಗೆಯ ಒಂದು ಖಾಲಿ ಕೋಣೆಗೆ. ಹಾಸುಗಲ್ಲಿನ ನೆಲ, ಮೂಲೆಯಲ್ಲಿ ಮೋರಿ. ಕಿಟಕಿ ಇರಲಿಲ್ಲ. ಸೂರಿನ ಹತ್ತಿರ ಗೇಣಗಲದ ಒಂದು ಕಿಂಡಿ. ಅದರಲ್ಲಿ ಬೀದಿಯಲ್ಲಿ ನಡೆಯುವವರ ಬೂಟುಗಳು ಮಾತ್ರ ಕಾಣುತ್ತಿದ್ದವು.

“ಇಲ್ಲಿಗೆ ಬಂದರೆ ದಿನಾ ಎಷ್ಟಾದರೂ ಸುರಿಯಿರಿ. ಮೇಲೆ ಇರುವುದಾದರೆ ಒಂದು ಹನಿ ಕೂಡದು. ಒಣ ಬಟ್ಟೆ, ಮೇಣ, ಅಷ್ಟೆ. ಈಗಲೇ ಹೇಳಿ.”

ಸೂಗಮ್ಮ ಬರಿಗಾಲಲ್ಲಿ ಒಳಗೆ ಹೋದಳು. ಅಂಗಾಲಿಗೆ ಕಲ್ಲಿನ ತಂಪು ತಾಗಿತು. “ಥೇಟ್ ನಮ್ಮ ಪಡಸಾಲಿ ಹಂಗೇ ಅದ ಕಮರೂ! ಮೋರಿನೂ ಅದ!”

ಕಮರುನ್ನೀಸಾಳ ಮುಖ ಇಳಿಯಿತು. “ನಿನ್ನ ಪೂಜಾ ನಿನಗ ದೊಡ್ಡದು. ನಾ ಏನೂ ಅನ್ನಂಗಿಲ್ಲ,” ಎಂದವಳು ಕಿಂಡಿಯ ಕಡೆ ನೋಡಿ ಅಂದೇಬಿಟ್ಟಳು: “ಊರಿಗಿ ಹೋದ ಮ್ಯಾಲ ಯಾರರೆ ಏನು ನೋಡಿದ್ರಿ ಅಂದ್ರ, ಮಂದಿ ಬೂಟು ನೋಡ್ದೆವು ಅಂತ ಹೇಳಿದ್ರಾಯ್ತು.”

ಹೊರಗೆಲ್ಲೋ ಟ್ರಾಮು ಹೋದ ಸದ್ದಾಯಿತು. ಸೂಗಮ್ಮ ತುದಿಗಾಲಲ್ಲಿ ನಿಂತು ಕತ್ತು ಚಾಚಿದಳು. ಕಿಂಡಿಯಲ್ಲಿ ಎರಡು ಬೂಟು ಬಂದವು, ಹೋದವು. ಅವಳು ಮೋರಿಯನ್ನೊಮ್ಮೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಕಸಬರಿಗೆಯನ್ನು ಪಾನಿ ಹೊರಾಕೋವಾಳ ಕೈಗಿತ್ತು, “ಒಣ ಬಟ್ಟೆ ಕೊಡಿ,” ಎಂದಳು.

ಮೆಟ್ಟಿಲ ಮೇಲೆ ಕಮರುನ್ನೀಸಾ ಅವಳ ಸೆರಗು ಹಿಡಿದು ಜಗ್ಗಿದಳು. “ಖರೇ ಹೇಳು. ತೊಳೀಲಾರದ ನೆಲದ ಮ್ಯಾಲ ಲಿಂಗಪೂಜಾ ಹೆಂಗ ಮಾಡ್ತಿ?”

“ಲಿಂಗ ಅಂಗೈ ಮ್ಯಾಲ ಕುಂದ್ರತದ. ನೆಲದ ಮ್ಯಾಲ ಯಾವಾಗ ಕುಂತಿತ್ತು?” ಎಂದ ಸೂಗಮ್ಮ ಎರಡೆರಡು ಮೆಟ್ಟಿಲು ಹಾರುತ್ತ ಮೇಲೇರಿದಳು.

ಕೋಣೆಯ ನೆಲ ಇನ್ನೂ ಹಸಿಯಾಗಿತ್ತು. ಅವಳು ಕಿಟಕಿಯ ಕಟ್ಟೆ ಹತ್ತಿ ಕೂತಳು. ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ನೇರಕ್ಕೆ ಹಿಡಿದಳು. ದೃಷ್ಟಿ ಲಿಂಗದ ಮೇಲೆಯೇ ನಿಲ್ಲಬೇಕೆಂಬುದು ಪೂಜೆಯ ಕ್ರಮ. ಸೇತುವೆಗೆ ಟ್ರಾಮು ಬರುವವರೆಗೆ ದೃಷ್ಟಿ ಅಲ್ಲೇ ನಿಂತಿತ್ತು.