ಇಳಿಯುವ ಪರೀಕ್ಷೆ

ಕ್ಲಬ್ಬಿನಲ್ಲಿ ಎಲ್ಲರೆದುರು ಎದೆ ತಟ್ಟಿಕೊಂಡು, "ಇಡೀ ರಾತ್ರಿ ರೇಸ್ ನಾನೇ ಓಡಿಸ್ತೀನಿ" ಎಂದುಬಿಟ್ಟಿದ್ದ ಚಿಟ್ಟಿಯಪ್ಪನಿಗೆ ಈಗ ಆ ರೇಸಿನಿಂದ ಹೇಗಾದರೂ ತಪ್ಪಿಸಿಕೊಂಡರೆ ಸಾಕಾಗಿತ್ತು. ಒಂದು ಗೀರೂ ಬೀಳದಂತೆ ಅವನು ಮುದ್ದಿನಿಂದ ಇಟ್ಟುಕೊಂಡಿದ್ದ ಸೂಪರ್‌ಕಾರಿನ ಒಳಗಿನ ಕಾರ್ಪೆಟ್, ಎ.ಸಿ., ಪಕ್ಕದ ಸೀಟು ಎಲ್ಲವನ್ನೂ ಮೆಕ್ಯಾನಿಕ್ ಇಲಿಯಾಸ್ ರೇಸಿಗೆಂದು ಕಿತ್ತುಹಾಕಿ, ಚಾಲಕನ ರಕ್ಷಣೆಗೆ ಉಕ್ಕಿನ ಪೈಪುಗಳ ಪಂಜರ ಬೆಸೆದಿದ್ದ. ಈಗ ಹಿಂದೆ ಸರಿದರೆ ಮಾನ ಹೋಗುತ್ತದೆ. ಉಳಿದ ದಾರಿ ಒಂದೇ, ರೇಸಿಗೆ ಮುಂಚಿನ ತಪಾಸಣೆಯಲ್ಲಿ ನಪಾಸಾಗುವುದು. ಬೆಲ್ಟ್ ಬಿಚ್ಚಿ ಕಾಲು ನಿಮಿಷದೊಳಗೆ ತಾನಾಗಿ ಹೊರಬರಲಾಗದ ಚಾಲಕನನ್ನು ರೇಸಿಗೆ ಬಿಡುವುದಿಲ್ಲ.

ಎರಡು ಸಲ ಅವನು ಬೇಕೆಂದೇ ಪೈಪುಗಳ ನಡುವೆ ಮೊಣಕಾಲು ಸಿಕ್ಕಿಸಿಕೊಂಡ.

"ಇದೇ ಕೊನೇ ಚಾನ್ಸು ಸಾರ್," ಎಂದು ತಪಾಸಣಾಧಿಕಾರಿ ಸ್ಟಾಪ್‌ವಾಚ್ ಒತ್ತಿದರು.

ಚಿಟ್ಟಿಯಪ್ಪ ಬೆಲ್ಟ್ ಬಿಚ್ಚಿ ಮತ್ತೆ ಕಾಲು ಸಿಕ್ಕಿಸಿಕೊಂಡು, "ಅಯ್ಯೋ, ಅಲ್ಲಾಡಕ್ಕೇ ಆಗ್ತಿಲ್ಲ ಕಣಪ್ಪಾ!" ಎಂದು ಕೂಗಿದ.

"ಹೆದರ್ಬೇಡಿ ಅಣ್ಣಾ, ನಾನಿದ್ದೀನಿ!" ಇಲಿಯಾಸ್ ಗಾಬರಿಯಿಂದ ಓಡಿಬಂದ. ಅವನ ಕೈಯಲ್ಲಿ ಉಕ್ಕು ಕೊಯ್ಯುವ ಗ್ರೈಂಡರ್ ಗುಂಯ್‌ಗುಡುತ್ತಿತ್ತು.

"ಏಯ್, ಏನೋ ಮಾಡ್ತೀಯಾ?"

"ಡೋರನ್ನೇ ಕುಯ್ದುಬಿಡ್ತೀನಿ. ಕಾರು ಹೋದ್ರೆ ಹೋಗ್ಲಿ, ನಿಮ್ ಕಾಲು ಮುಖ್ಯ!"

"ಲೋ, ಮುಟ್ಟಬೇಡ್ವೋ!"

ಗ್ರೈಂಡರಿನ ಬಿಲ್ಲೆ ಬಾಗಿಲಿಗೆ ತಾಗುವಷ್ಟರಲ್ಲಿ ಚಿಟ್ಟಿಯಪ್ಪ ಪೈಪುಗಳ ನಡುವಿನಿಂದ ಮೀನಿನಂತೆ ಜಾರಿ ಹೊರಗೆ ನೆಗೆದು, ಇಲಿಯಾಸನ ಎರಡೂ ಕೈ ಹಿಡಿದು ಕಾರಿಗೆ ಅಡ್ಡ ನಿಂತಿದ್ದ.

ತಪಾಸಣಾಧಿಕಾರಿ ಸ್ಟಾಪ್‌ವಾಚ್ ನಿಲ್ಲಿಸಿ ಅವನ ಬೆನ್ನು ತಟ್ಟಿದರು. "ಇನ್ನೂ ಎರಡು ಸೆಕೆಂಡು ಬಾಕಿ ಇತ್ತು. ಪಾಸ್ ಸಾರ್, ಹೆಲ್ಮೆಟ್ ಹಾಕ್ಕೊಳ್ಳಿ!"