ಸರ್ವಧರ್ಮ ಏಕಾಂತ ಕೇಂದ್ರ

"ಶೌಚಾಲಯ ಒಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳಿ," ಎಂದು ಜೂಲಿಯನ್ ಪಿಮ್ ಗೋಗರೆದ. ಸೊರಗಿದ ಹೋಲ್ಡನ್‌ಶಾ ಪಟ್ಟಣವನ್ನು ಮೇಲೆತ್ತಲು ಸರ್ಕಾರ ಹಣ ಕೊಟ್ಟಿತ್ತು; ಊರಿನ ಧರ್ಮಸಂಸ್ಥೆಗಳನ್ನು ಜೊತೆಗೆ ಕೂರಿಸಿಕೊಂಡೇ ಖರ್ಚು ಮಾಡಬೇಕೆಂದೂ ಹೇಳಿತ್ತು. ಹಾಗೆ ಕೂರಿಸಿಕೊಳ್ಳಲೆಂದು ಪುರಸಭೆ ಕಳಿಸಿದ ಅಧಿಕಾರಿ ಅವನು.

ಚರ್ಚಿನ ಹಜಾರದಲ್ಲಿ ಅವನೆದುರು ಕೂತಿದ್ದವರು ಇಬ್ಬರೇ: ಆ ಚರ್ಚಿನ ಪಾದ್ರಿಯಮ್ಮ ಹಿಲರಿ ಆಗ್ಡನ್, ಪಕ್ಕದ ಬೀದಿಯ ಮಸೀದಿಯ ಕಾರ್ಯದರ್ಶಿ ರಫಾಕತ್ ಮಿರ್ಜಾ.

ಮಾರುಕಟ್ಟೆಯ ಶೌಚಾಲಯಕ್ಕೆ ಪುರಸಭೆ ಬೀಗ ಜಡಿದ ಮೇಲೆ ವಯಸ್ಸಾದವರು ಪೇಟೆಗೆ ಬರುವುದನ್ನೇ ಬಿಟ್ಟಿದ್ದರು. ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಧೈರ್ಯ ಮಾಡಿ ಬಂದವರು ಹಿಲರಿಯ ಚರ್ಚಿಗೆ ನುಗ್ಗುತ್ತಿದ್ದರು. ಹೋದ ವಾರ ಶವಸಂಸ್ಕಾರದ ಪ್ರಾರ್ಥನೆ ನಡೆದಿದ್ದಾಗ, ಎಲೆಕೋಸಿನ ಚೀಲ ಹಿಡಿದ ಅಜ್ಜನೊಬ್ಬ ಶವಪೆಟ್ಟಿಗೆಯ ಪಕ್ಕಕ್ಕೇ ಬಂದು, "ಎಡಕ್ಕಾ, ಬಲಕ್ಕಾ?" ಎಂದು ಕೇಳಿದ್ದ. ಸತ್ತವರ ಮಗಳು ಅಳುತ್ತಲೇ ಬಲಕ್ಕೆ ಕೈ ತೋರಿಸಿದ್ದಳು.

"ನಮ್ಮಲ್ಲೂ ಇದೇ ಪಾಡು," ಎಂದ ಮಿರ್ಜಾ. "ಮಸೀದಿಗೆ ಜನ ಜಾಸ್ತಿ ಬರ್ತಿದಾರೆ ಅಂತ ಇಮಾಮ್ ಸಾಹೇಬ್ರು ಭಾಳ ಖುಷಿಪಟ್ಟಿದ್ರು. ಯಾತಕ್ಕೆ ಅಂತ ಆಮೇಲೆ ಗೊತ್ತಾಯ್ತು."

ಪಿಮ್ ಹಣೆ ಒರೆಸಿಕೊಂಡ. "ಅದನ್ನ ಮುಚ್ಚಿಸಿದ್ದೇ ನಮ್ಮ ಮೇಲಿನೋರು. ಮತ್ತೆ ಕಟ್ಟಿ ಅಂದ್ರೆ ನನ್ನ ಕೆಲಸ ಹೋಗತ್ತೆ. ಈ ಯೋಜನೇಲಿ ಇರೋದು ಸೌಹಾರ್ದ, ನೆಮ್ಮದಿ, ಮನಸ್ಸಿನ ಭಾರ ಇಳಿಸೋದು... ಇಂಥವು."

ಹಿಲರಿ ಬಿಸ್ಕತ್ತನ್ನು ಚಹದಲ್ಲಿ ಅದ್ದಿ ಯೋಚಿಸಿದಳು. ಸುಳ್ಳು ಹೇಳುವುದು ಅವಳಿಗೆ ಒಗ್ಗದು. ಹಾಗಾಗಿ ನಿಜವನ್ನೇ ಹೇಳಿದಳು. "ಎಲ್ಲ ಮತದೋರಿಗೂ ಒಂದು ಜಾಗ. ಒಬ್ಬೊಬ್ರೇ ಒಳಗೆ ಹೋಗಿ, ಬಾಗಿಲು ಹಾಕ್ಕೊಂಡು, ತಮ್ಮ ಪಾಡಿಗೆ ತಾವು ಕೂತು, ಭಾರ ಇಳಿಸಿ ಹಗುರಾಗಿ ಈಚೆ ಬರಬೇಕು. ಬರ್ಕೊಳ್ಳಿ."

"ಶುದ್ಧಿಗೆ ನೀರೂ ಇರ್ಬೇಕು ಅಂತ ಸೇರಿಸಿ," ಎಂದ ಮಿರ್ಜಾ, ಮುಖ ಬಿಗಿಹಿಡಿದು.

ಪಿಮ್ ಇಬ್ಬರ ಮುಖವನ್ನೂ ಒಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ ಬರೆದುಕೊಂಡ.

ಪುರಸಭೆಯಲ್ಲಿ ಒಬ್ಬರೂ ತಕರಾರು ಎತ್ತಲಿಲ್ಲ. ವಸಂತದ ಹೊತ್ತಿಗೆ ಮಾರುಕಟ್ಟೆ ಚೌಕದಲ್ಲಿ ಪುಟ್ಟ ಕಲ್ಲುಕಟ್ಟಡ ಎದ್ದಿತು. ಲಂಡನ್ನಿನಿಂದ ಉಪಮಂತ್ರಿಗಳೇ ಉದ್ಘಾಟನೆಗೆ ಹೊರಟರು. ಅವರ ರೈಲು ತಡವಾಗಿ, ಬೀಗ ತೆಗೆದಿಟ್ಟ ಬಾಗಿಲ ಮುಂದೆ ಊರಿನವರು ಗಾಳಿಗೆ ನಡುಗುತ್ತ ಕಾದು ನಿಂತರು. ಕೊನೆಗೂ ಬಂದ ಉಪಮಂತ್ರಿಗಳು ಬಾಗಿಲಿನ ಮೇಲೆ 'ಸರ್ವಧರ್ಮ ಏಕಾಂತ ಕೇಂದ್ರ' ಎಂಬ ಹೆಸರು ಓದಿ ಗದ್ಗದಿತರಾದರು. "ರಿಬ್ಬನ್ ಕತ್ತರಿಸುವ ಮುಂಚೆ ಒಂದು ನಿಮಿಷ ಮೌನವಾಗಿ ನಿಲ್ಲೋಣ," ಎಂದು ಟೋಪಿ ತೆಗೆದು ಕಣ್ಣು ಮುಚ್ಚಿದರು. ಚೌಕಕ್ಕೆ ಚೌಕವೇ ತಲೆ ಬಾಗಿಸಿತು.

"ಪಾದ್ರಿಯಮ್ಮ, ಈಗ್ಲಾದ್ರೂ ಹೇಳಿಬಿಡೋಣ್ವಾ?" ಮಿರ್ಜಾ ಪಿಸುಗುಟ್ಟಿದ.

"ಬೀಗದ ಕೈ ನಮ್ಮ ಕೈಗೆ ಬರ್ಲಿ, ಸುಮ್ನಿರಿ," ಎಂದಳು ಹಿಲರಿ.

ಅಷ್ಟರಲ್ಲಿ ಒಳಗಿನಿಂದ ಧೋ ಎಂದು ನೀರು ಸುರಿದ ಸದ್ದಾಯಿತು. ಬಾಗಿಲು ತೆರೆಯಿತು. ಮುದುಕಿಯೊಬ್ಬಳು ಸ್ಕರ್ಟು ಸರಿಪಡಿಸಿಕೊಳ್ಳುತ್ತ ರಿಬ್ಬನ್ನಿನಡಿ ನುಸುಳಿ ಈಚೆ ಬಂದು, ಕಣ್ಣು ಮುಚ್ಚಿ ಹಲ್ಲು ಕಚ್ಚಿ ನಿಂತಿದ್ದ ಅಷ್ಟೂ ಜನರನ್ನು ಕಂಡು ಬೆಚ್ಚಿದಳು.

"ಅಯ್ಯೋ ಪಾಪ, ಇಷ್ಟೂ ಜನಕ್ಕೆ ಅವಸರಾನಾ? ಒಂದ್ಸಲ ಬಾಗಿಲು ತಟ್ಟಬಾರ್ದಿತ್ತಾ!"